ಗುಡ್ಡದ ನೀರು, ಬೈಲಿನ ಬೆಳೆ: ನರಹರಿ ಪರ್ವತದ ದಾರಿಯಲ್ಲಿ

(ಪಾಣೆಮಂಗಳೂರಿನಿಂದ ಚಾರಣ ಹೊರಟ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಬಿ.ಸಿ. ರೋಡಿನಿಂದ ಸೇತುವೆ ದಾಟಿ ಪಾಣೆಮಂಗಳೂರಿಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ನೇತ್ರಾವತಿ. ಮೇಲ್ಕಾರನ್ನು ದಾಟಿ ಕಲ್ಲಡ್ಕದ ಕಡೆಗೆ ಮುಖ ಮಾಡಿದೊಡನೆ ಕಾಣುವುದು ಗುಡ್ಡ. ಹೆದ್ದಾರಿಯ ಪಕ್ಕದಲ್ಲೇ ಎದ್ದು ನಿಂತ ಈ ಗುಡ್ಡಕ್ಕೆ ನರಹರಿ ಪರ್ವತವೆಂದು ಹೆಸರು. ಸಮುದ್ರ ಮಟ್ಟದಿಂದ ಇದರ ಎತ್ತರ ಸುಮಾರು 1000 ಅಡಿ. 6000 ಅಡಿಗೂ ಮಿಕ್ಕಿದ ಕುದುರೆಮುಖದ ಬುಡದಲ್ಲಿ ಹರಡಿಕೊಂಡ ಜಿಲ್ಲೆಯಲ್ಲಿ ಇದನ್ನು ಪರ್ವತವೆನ್ನಲು ಭೂಗೋಳದ ಅಧ್ಯಾಪಕರು ಒಪ್ಪಲಾರರು. ಆದರೆ ಈ ಹೆಸರನ್ನು ಇಟ್ಟವರು ಅಧ್ಯಾಪಕರಲ್ಲ, ಹೊಳೆಯ ದಂಡೆಯ ಗದ್ದೆಯಲ್ಲಿ ಬಗ್ಗಿ ನೇಜಿ ನೆಡುತ್ತಿದ್ದವರು. ಸಮುದ್ರಕ್ಕಿಂತ ಹೆಚ್ಚೇನೂ ಎತ್ತರದಲ್ಲಿಲ್ಲದ ಆ ಗದ್ದೆಯಿಂದ ಸೊಂಟ ನೇರ ಮಾಡಿ ತಲೆಯೆತ್ತಿದವರಿಗೆ ಇದು ಪರ್ವತವಾಗಿಯೇ ಕಂಡಿತು. ಅವರ ಅಳತೆಯಲ್ಲಿ ತಪ್ಪೇನೂ ಇಲ್ಲ.

ಶಿಖರಕ್ಕೆ ಹೋಗಿ ಕೈಮುಗಿದು ಬರಲು ಒಂದು ಇಡೀ ದಿನ ಬೇಕಾಗಿಲ್ಲ. ಆದರೂ ಈ ಚಾರಣಕ್ಕೆ ಬೆಳಗಿನಿಂದ ಸಂಜೆಯವರೆಗಿನ ಸಮಯ ಇಟ್ಟುಕೊಳ್ಳಲಾಗಿದೆ. ಕಾರಣ, ಏರುವ ದಾರಿಗಿಂತ ನಿಲ್ಲುವ ಜಾಗಗಳೇ ಹೆಚ್ಚು. ಕಂದಾಯದ ಕಡತಗಳಲ್ಲಿ ಇಂತಹ ಗುಡ್ಡಗಳು ಬಹುಕಾಲ ಸಾಗುವಳಿಗೆ ಯೋಗ್ಯವಲ್ಲದ ಭೂಮಿ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿವೆ. ಕೆಳಗಿನ ಸಾಗುವಳಿಯೆಲ್ಲ ನಿಂತಿರುವುದು ಸಾಗುವಳಿಯಿಲ್ಲದ ಈ ಮೇಲಿನ ಭೂಮಿಯ ಮೇಲೆಯೇ ಎಂಬುದನ್ನು ಹೆಜ್ಜೆ ಹೆಜ್ಜೆಗೂ ನಿಂತು ನೋಡಿದರೆ ಮಾತ್ರ ತಿಳಿಯುತ್ತದೆ.

ಹೊರಡುವ ಮುನ್ನ ಪೇಟೆಯ ಬಗ್ಗೆ ಒಂದೆರಡು ಮಾತು. ಘಟ್ಟದ ರಸ್ತೆಗಳು ಸುಧಾರಿಸುವ ಮೊದಲು ಮೇಲಿನ ಸೀಮೆಯ ಸರಕು ನೇತ್ರಾವತಿಯ ಬಡಗು ದಂಡೆಯ ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ದೋಣಿಗಳಲ್ಲಿ ಮಂಗಳೂರು ಬಂದರಿಗೆ ಸಾಗುತ್ತಿತ್ತು. ತೆಂಕು ದಂಡೆಯ ಪಾಣೆಮಂಗಳೂರು ತುಳು, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಸುವ ಪೇಟೆಯಾಗಿ ಬೆಳೆಯಿತು. 1914ರಲ್ಲಿ ಕಟ್ಟಿದ ಹಳೆಯ ಸೇತುವೆ ಎರಡು ದಂಡೆಗಳನ್ನು ಸೇರಿಸಿತು. ದೋಣಿಯ ಕಾಲ ಮುಗಿದು ಗಾಲಿಯ ಕಾಲ ಆರಂಭವಾದದ್ದಕ್ಕೆ ಆ ಕಬ್ಬಿಣದ ಸೇತುವೆಯೇ ಸಾಕ್ಷಿ.

ಇದೇ ಪೇಟೆ 1923ರ ಆಗಸ್ಟ್ ತಿಂಗಳ ಮಹಾ ನೆರೆಯನ್ನೂ ಕಂಡಿದೆ. ತುಳುವಿನಲ್ಲಿ ಬೊಳ್ಳವೆಂದರೆ ನೆರೆ. ಆ ವರ್ಷದ ನೆರೆಗೆ ಜನ ಕೊಟ್ಟ ಹೆಸರು ಮಾರಿಬೊಳ್ಳ. ಅನಂತರ 1974ರಲ್ಲಿಯೂ ನೇತ್ರಾವತಿ ಬಂಟ್ವಾಳ, ಪಾಣೆಮಂಗಳೂರುಗಳ ಅಂಗಡಿ ಮನೆಗಳಿಗೆ ನುಗ್ಗಿತು. ಪರಿಸರದ ವೇದಿಕೆಗಳಲ್ಲಿ ಪ್ರತಿಯೊಂದು ನೆರೆಗೂ ಕಾಡಿನ ನಾಶವೇ ಕಾರಣವೆಂದು ಹೇಳಿಬಿಡುವ ರೂಢಿಯಿದೆ. 1923ರಲ್ಲಿ ಘಟ್ಟದ ಕಾಡು ಇಂದಿಗಿಂತ ಬಹಳ ದಟ್ಟವಾಗಿತ್ತು. ಆದರೂ ನೆರೆ ಬಂತು. ಎಡೆಬಿಡದೆ ಸುರಿದ ಅತಿವೃಷ್ಟಿಯನ್ನು ಯಾವ ಕಾಡೂ ಪೂರ್ತಿಯಾಗಿ ತಡೆಹಿಡಿಯಲಾರದು. ಗುಡ್ಡವೂ ಕಾಡೂ ಮಾಡುವ ಕೆಲಸ ಬೇರೆ ಬಗೆಯದು. ಅದು ಮಳೆಗಾಲದ ದಿನಗಳಲ್ಲಿ ಕಾಣುವುದಿಲ್ಲ, ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಾಣುತ್ತದೆ. ಇಂದಿನ ಮಾತೆಲ್ಲ ಆ ನಾಲ್ಕು ತಿಂಗಳುಗಳ ಕುರಿತು.

ಚಾರಣದ ಮೊದಲ ನಿಲ್ದಾಣ ಗದ್ದೆ. ತುಳುನಾಡಿನ ಕೃಷಿಕರು ತಮ್ಮ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿಕೊಂಡಿದ್ದರು. ಎಲ್ಲಕ್ಕಿಂತ ತಗ್ಗಿನಲ್ಲಿ, ತೋಡಿನ ಪಕ್ಕದಲ್ಲಿರುವುದು ಬೈಲು. ಅದರ ಮೇಲಿನ ಮೆಟ್ಟಿಲು ಮಜಲು. ಗುಡ್ಡದ ಬುಡಕ್ಕೆ ತಾಗಿದ, ಮಳೆಯನ್ನೇ ನಂಬಿದ ಗದ್ದೆ ಬೆಟ್ಟು. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳು ಬೆಟ್ಟು ಎಂದಾಗ ಬೆಟ್ಟವೆಂದು ತಿಳಿಯುವುದುಂಟು, ಅದರಿಂದ ಈ ವಿವರಣೆ. ಮಳೆಗಾಲದ ಏಣೆಲು ಬೆಳೆ ಮೂರೂ ಬಗೆಯ ಗದ್ದೆಗಳಲ್ಲಿ ಬೆಳೆಯುತ್ತದೆ. ಅದರ ನಂತರದ ಸುಗ್ಗಿ ಬೆಳೆ ಮಜಲು ಮತ್ತು ಬೈಲಿನಲ್ಲಿ ಮಾತ್ರ. ಬೇಸಗೆಯ ಕೊಳಕೆ ಬೆಳೆಗೆ ಬೈಲೊಂದೇ ಗತಿ.

ಶಾಲೆಯ ಪುಸ್ತಕಗಳು ಇದನ್ನು ಮಣ್ಣಿನ ಫಲವತ್ತತೆಯ ವಿಂಗಡಣೆ ಎನ್ನುತ್ತವೆ. ಅಷ್ಟೇ ಆದರೆ ಗೊಬ್ಬರ ಹಾಕಿ ಬೆಟ್ಟನ್ನು ಬೈಲು ಮಾಡಬಹುದಿತ್ತು. ಯಾರಿಗೂ ಅದು ಸಾಧ್ಯವಾಗಲಿಲ್ಲ. ಬೈಲು, ಮಜಲು, ಬೆಟ್ಟು ಎಂಬುದು ನಿಜವಾಗಿ ನೀರಿನ ಲೆಕ್ಕ. ಗುಡ್ಡ ತನ್ನೊಳಗೆ ಇಳಿಸಿಕೊಂಡ ಮಳೆಯನ್ನು ಯಾವ ಮಟ್ಟದಲ್ಲಿ, ಯಾವ ತಿಂಗಳವರೆಗೆ ಹೊರಬಿಡುತ್ತದೆ ಎಂಬುದನ್ನು ತಲೆಮಾರುಗಳ ಕಾಲ ನೋಡಿದವರು ಬರೆದ ನಕ್ಷೆ ಅದು. ಕಾಗದದ ಮೇಲಲ್ಲ, ಊರಿನ ಹೆಸರುಗಳಲ್ಲಿ. ಕಲ್ಲಡ್ಕದ ಗ್ರಾಮದ ಹೆಸರು ಗೋಳ್ತಮಜಲು. ಪಾಣೆಮಂಗಳೂರಿನಿಂದ ಹೆಚ್ಚು ದೂರವಿಲ್ಲದ, ಕಲ್ಲುರ್ಟಿಯ ಪ್ರಸಿದ್ಧ ಸಾನ್ನಿಧ್ಯವಿರುವ ಸ್ಥಳ ಪಣೋಲಿಬೈಲು. ಬೆಟ್ಟು ಎಂದು ಮುಗಿಯುವ ಊರುಗಳೂ ಮನೆತನಗಳೂ ಲೆಕ್ಕವಿಲ್ಲದಷ್ಟು ಇವೆ. ಹೆಸರು ಉಳಿದಿದೆ, ಕೊಳಕೆ ಬೆಳೆಯುವ ಬೈಲನ್ನು ಮಾತ್ರ ಇಂದು ಹುಡುಕಿ ತೋರಿಸಬೇಕಾಗಿದೆ.

ಗದ್ದೆಗಳು ಅಡಿಕೆ ತೋಟಗಳಾದದ್ದನ್ನು ದೂರುವುದರಲ್ಲಿ ಅರ್ಥವಿಲ್ಲ. ಭತ್ತದಿಂದ ಬದುಕು ಸಾಗದು ಎಂಬುದನ್ನು ಕೃಷಿಕರು ಯಾರ ಉಪದೇಶವೂ ಇಲ್ಲದೆ ಕಂಡುಕೊಂಡರು. 1956ರಲ್ಲಿ ಇದೇ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನೆಗೆಂದೇ ಕೇಂದ್ರ ಆರಂಭವಾಯಿತು, ತಳಿಗಳು ಬಂದವು, ಬೆಲೆಯೂ ಕೈಹಿಡಿಯಿತು. ಆದರೆ ಈ ಬದಲಾವಣೆಯ ನೀರಿನ ಲೆಕ್ಕವನ್ನು ಹೆಚ್ಚಿನವರು ಮಾಡಲಿಲ್ಲ. ಕಟ್ಟಪುಣಿ ಕಟ್ಟಿ ನೀರು ನಿಲ್ಲಿಸಿದ ಗದ್ದೆ ಮಳೆಗಾಲವಿಡೀ ಮಳೆಯನ್ನು ಹಿಡಿದು ಮಣ್ಣಿಗೆ ಇಳಿಸುತ್ತಿತ್ತು. ಅಡಿಕೆ ತೋಟದಲ್ಲಿ ನೀರು ನಿಲ್ಲಬಾರದೆಂದು ಉಜಿರುಕಣಿ ತೋಡಿ ಅದನ್ನು ಹೊರಹಾಕುತ್ತಾರೆ. ಗದ್ದೆಗೆ ನೀರು ಬೇಕಾದದ್ದು ಬೆಳೆಯ ಕಾಲಕ್ಕೆ. ತೋಟಕ್ಕೆ ಬೇಕಾದದ್ದು ಬೇಸಗೆಗೆ. ಹೀಗೆ ಇಳಿಯುವ ನೀರು ಕಡಿಮೆಯಾಗಿ, ಎತ್ತುವ ನೀರು ಹೆಚ್ಚಾಯಿತು. ಆ ವ್ಯತ್ಯಾಸದ ಭಾರವೆಲ್ಲ ಬಿದ್ದದ್ದು ಗುಡ್ಡದ ಮೇಲೆ. ಅದೇ ಕಾಲಕ್ಕೆ ಗುಡ್ಡಕ್ಕೆ ಯಂತ್ರಗಳು ಬಂದವು.

ಗದ್ದೆ ಮುಗಿದಲ್ಲಿಂದ ಏರು ಆರಂಭ. ಇಲ್ಲಿ ಎರಡನೆಯ ನಿಲ್ದಾಣ. ಗುಡ್ಡದ ಈ ಕೆಳಗಿನ ಇಳಿಜಾರಿಗೆ ದಕ್ಷಿಣ ಕನ್ನಡದ ಕೃಷಿಕರಲ್ಲಿ ಇರುವ ಹೆಸರು ಕುಮ್ಕಿ. ವರ್ಗ ಜಮೀನಿಗೆ ತಾಗಿದ, ನಿರ್ದಿಷ್ಟ ಅಂತರದೊಳಗಿನ ಸರಕಾರಿ ಭೂಮಿ ಅದು. ಒಡೆತನ ಸರಕಾರದ್ದು, ಸೊಪ್ಪು, ಸೌದೆ, ಮೇವು ತರುವ ಸವಲತ್ತು ಕೃಷಿಕನದ್ದು. ಮದರಾಸು ಆಡಳಿತದ ಕಾಲದಿಂದ ಬಂದ ಈ ಪದ್ಧತಿಯನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ತನ್ನ 79ನೆಯ ಕಲಮಿನಲ್ಲಿ ಬಾಣೆ, ಕಾನ, ಬೆಟ್ಟ, ಹಾಡಿಗಳ ಸವಲತ್ತುಗಳೊಂದಿಗೆ ಉಳಿಸಿಕೊಂಡಿದೆ. ಕುಮ್ಕಿಯನ್ನು ಮಂಜೂರು ಮಾಡಬೇಕೇ, ಯಾರಿಗೆ ಮಾಡಬೇಕು ಎಂಬ ವಾದ ದಶಕಗಳಿಂದ ನಡೆದಿದೆ. ಆ ವಾದದಲ್ಲಿ ಕುಮ್ಕಿ ಎಂದರೆ ಜಾಗ ಎಂಬ ಅರ್ಥವೊಂದೇ ಉಳಿದು, ಅದು ಮಾಡುತ್ತಿದ್ದ ಕೆಲಸ ಮರೆತುಹೋಗಿದೆ.

ಆ ಕೆಲಸವೇನು? ಕರಾವಳಿಯ ಮುರಮಣ್ಣು ಆಮ್ಲೀಯ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವಲ್ಲಿ ಸುಣ್ಣ, ಪೊಟ್ಯಾಷ್‌ಗಳು ತೊಳೆದು ಹೋಗುತ್ತವೆ. ಹಾಕಿದ ರಂಜಕವನ್ನು ಮಣ್ಣಿನ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ಸಿಗದಂತೆ ಮಾಡುತ್ತವೆ. ಇಂತಹ ಮಣ್ಣಿನಲ್ಲಿ ಬೆಳೆ ತೆಗೆಯಲು ಇರುವ ದಾರಿ ಎಲೆ ಮತ್ತು ಸಗಣಿ. ಕುಮ್ಕಿಯ ಸೊಪ್ಪು ಹಟ್ಟಿಗೆ ಹೋಗಿ, ಹಟ್ಟಿಯ ಗೊಬ್ಬರ ಗದ್ದೆಗೆ, ತೋಟಕ್ಕೆ ಇಳಿಯುತ್ತಿತ್ತು. ಕೊಳೆತ ಎಲೆಯಿಂದ ಬರುವ ಸಾವಯವ ಆಮ್ಲಗಳು ರಂಜಕವನ್ನು ಸಡಿಲಿಸುತ್ತವೆ, ತೇವವನ್ನೂ ಹಿಡಿಯುತ್ತವೆ. ಇಂದು ಎಲೆಯ ಬದಲು ಚೀಲದ ಗೊಬ್ಬರ ಬಂದಿದೆ, ಹಟ್ಟಿಗಳು ಖಾಲಿಯಾಗಿವೆ, ಕುಮ್ಕಿಯಲ್ಲಿ ರಬ್ಬರ್ ಎದ್ದಿದೆ. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ಹೇಳಲು ಈ ಮಾತಲ್ಲ. ಸೊಪ್ಪು ಹೊತ್ತು ಇಳಿಯುತ್ತಿದ್ದ ಹೆಂಗಸರ ಬೆನ್ನು ನೋವಿನ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಇಳಿಜಾರಿನ ಗಿಡಮರಗಳನ್ನು ನೋಡುತ್ತ ಏರಬೇಕು. ಕುಂಟಾಲ, ಕೇಪಳ, ಕರಂಡೆ, ನೆಲ್ಲಿ, ನೇರಳೆ, ಅಲ್ಲಲ್ಲಿ ಹಾಲೆ, ಕಾಸರಕ ಇವು ಕರಾವಳಿಯ ಗುಡ್ಡಗಳ ಸಾಮಾನ್ಯ ಸಂಸಾರ. ನಡುವೆ ಪೋರ್ಚುಗೀಸರು ತಂದ ಗೇರು, ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದ ಆಸ್ಟ್ರೇಲಿಯಾದ ಅಕೇಶಿಯಾ. ಅಕೇಶಿಯಾದ ಬುಡದಲ್ಲಿ ನಿಂತು ಕಾಲಿನಿಂದ ತರಗೆಲೆ ಸರಿಸಿ ನೋಡಿ. ಬೇಗ ಕೊಳೆಯದ ಒಣ ಎಲೆಯ ದಪ್ಪ ಪದರ ಕಾಣುತ್ತದೆ. ಕುಂಟಾಲದ ಪೊದೆಯ ಅಡಿಯಲ್ಲೂ ಹಾಗೆಯೇ ನೋಡಿ. ಯಾವ ಮಣ್ಣು ಕೈಗೆ ತಂಪಾಗಿ ಹತ್ತುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಬರೆದುಕೊಳ್ಳಲಿ.

ಇನ್ನೂ ಮೇಲೇರಿದರೆ ಕಾಲಿನ ಕೆಳಗೆ ಮುರಕಲ್ಲು. ಬಂಟ್ವಾಳದ ಗುಡ್ಡಗಳು ಮುರಕಲ್ಲು ಮತ್ತು ಕರಿಬಂಡೆಗಳ ಜೋಡಿ ಸಂಸಾರ. ಈ ಕಲ್ಲಿಗೆ ಜಗತ್ತಿನ ಭೂವಿಜ್ಞಾನದಲ್ಲಿ ಹೆಸರು ಬಂದದ್ದು ಇದೇ ಕರಾವಳಿಯ ಮುಂದುವರಿಕೆಯಲ್ಲಿ. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪೆನಿಗಾಗಿ ಸೀಮೆಯ ಕೃಷಿ, ಬೆಳೆ, ಜನಜೀವನಗಳನ್ನು ಸಮೀಕ್ಷೆ ಮಾಡುತ್ತ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ಕೊಡಲಿಯಿಂದ ಕಡಿದು ಇಟ್ಟಿಗೆಯಂತೆ ಬಳಸುವುದನ್ನು ಕಂಡ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಮುಂದಿನ ವರ್ಷ ಅವನು ದಕ್ಷಿಣ ಕನ್ನಡದ ನೇತ್ರಾವತಿ ಸೀಮೆಯನ್ನೂ ಹಾದುಹೋದ. ಅವನ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಾಗ ಗಟ್ಟಿ: ಈ ಗುಣವನ್ನು ಕರಾವಳಿಯ ಕೂಲಿಯಾಳುಗಳು ಬುಕಾನನ್ನನಿಗಿಂತ ಎಷ್ಟೋ ಶತಮಾನ ಮೊದಲೇ ಬಲ್ಲವರಾಗಿದ್ದರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುರಕಲ್ಲು ಹುಟ್ಟುವುದು ನಿಧಾನವಾಗಿ. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲು ಮೂಲ ಬಂಡೆಯನ್ನು ಕೊಳೆಯಿಸುತ್ತವೆ. ಕರಗುವುದೆಲ್ಲ ಕರಗಿ ಹೋಗಿ ಕಬ್ಬಿಣ, ಅಲ್ಯೂಮಿನಿಯಮ್ ಉಳಿದು ಗಟ್ಟಿಯಾಗುತ್ತವೆ. ಅದರ ಕೆಂಪಿಗೆ ಕಬ್ಬಿಣವೇ ಕಾರಣ. ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಜೇನುಗೂಡಿನಂತೆ ರಂಧ್ರಗಳು. ಮಳೆ ಈ ರಂಧ್ರಗಳ ಮೂಲಕ ಕೆಳಗಿಳಿಯುತ್ತದೆ. ಕೆಳಗೆ ಶೇಡಿ ಮಣ್ಣಿನ ಪದರವಿದೆ: ಬಿಳಿ, ಹಳದಿ, ನಸುಗೆಂಪು ಬಣ್ಣಗಳ ನುಣುಪು ಜೇಡಿ. ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಇಳಿದ ನೀರು ಶೇಡಿಯ ಮೇಲೆ ಅಡ್ಡಲಾಗಿ ಸರಿಯುತ್ತ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಮಜಲಿನ ನೀರು, ಬೈಲಿನ ನೀರು, ತೋಡಿನ ಬೇಸಗೆಯ ಹರಿವು ಎಲ್ಲವೂ ಇದೇ.

ಒಂದು ಸಣ್ಣ ಲೆಕ್ಕ. ಒಂದು ಎಕರೆ ಗುಡ್ಡದ ಮೇಲೆ ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಕೋಟಿ 60 ಲಕ್ಷ ಲೀಟರ್. ಎಲ್ಲವೂ ಇಂಗುವುದಿಲ್ಲ, ಹರಿದು ಹೋಗುವುದೇ ಹೆಚ್ಚು. ಹತ್ತರಲ್ಲಿ ಒಂದು ಪಾಲು ಇಂಗಿದರೂ ಅದು 16 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ 130ಕ್ಕೂ ಹೆಚ್ಚು ಟ್ಯಾಂಕರು. ಒಂದು ಎಕರೆ ಗುಡ್ಡವನ್ನು ಸಮತಟ್ಟು ಮಾಡಿಸುವವರು ಯಂತ್ರದ ಗಂಟೆಯ ಬಾಡಿಗೆಯನ್ನು ಸರಿಯಾಗಿಯೇ ಲೆಕ್ಕ ಹಾಕುತ್ತಾರೆ. ಈ ಟ್ಯಾಂಕರುಗಳ ಲೆಕ್ಕ ಕೆಳಗಿನ ಮನೆಯವರ ಪಾಲಿಗೆ ಬರುತ್ತದೆ.

ಗುಡ್ಡದೊಳಗಿನ ನೀರನ್ನು ಈ ತಾಲೂಕಿನವರು ಅರ್ಥ ಮಾಡಿಕೊಂಡ ಬಗೆಗೆ ಸುರಂಗಗಳಷ್ಟು ಉತ್ತಮ ಸಾಕ್ಷಿ ಬೇರೆಯಿಲ್ಲ. ಬಂಟ್ವಾಳ ತಾಲೂಕಿನ ದಕ್ಷಿಣದ ಅಂಚಿನಲ್ಲಿ, ಮಾಣಿಲ, ಕೇಪು, ಅಡ್ಯನಡ್ಕಗಳಿಂದ ಕಾಸರಗೋಡಿನವರೆಗೆ, ಕೃಷಿಕರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲದಲ್ಲಿ ಕೊರೆದು ನೀರಿನ ಪದರವನ್ನು ಮುಟ್ಟುತ್ತಾರೆ. ನೀರು ತಾನಾಗಿ ಹರಿದು ಬರುತ್ತದೆ. ವಿದ್ಯುತ್ತು ಬೇಡ, ಪಂಪು ಬೇಡ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಿದ್ದವರು. ದೊರೆತ ಎರಡು ಎಕರೆ ಬೋಳು ಗುಡ್ಡದಲ್ಲಿ, ಹಗಲು ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಹೊರಬಂದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರ ಛಲವನ್ನು ಕೊಂಡಾಡಿದವು, ಅದು ಸರಿಯೇ. ಜೊತೆಗೆ ನೆನಪಿಡಬೇಕಾದ ಇನ್ನೊಂದು ವಿಷಯವಿದೆ: ಗುಡ್ಡ ಇಡಿಯಾಗಿ ಇದ್ದುದರಿಂದ ಆ ಸುರಂಗದಲ್ಲಿ ನೀರಿತ್ತು. ನೂರಾರು ಅಡಿ ಆಳದ ಕೊಳವೆಬಾವಿ ಸುರಂಗದ ನೀರನ್ನು ಕೆಳಗೆಳೆಯಬಲ್ಲದು. ಮೇಲಿನ ಮುರಕಲ್ಲನ್ನು ಕೊಯ್ದು ಒಯ್ದರೆ ಸುರಂಗವೂ ಇಲ್ಲ, ಬಾವಿಯೂ ಇಲ್ಲ.

ಈಗ ಶಿಖರ. ಇಲ್ಲಿ ಸದಾಶಿವನ ಸನ್ನಿಧಿ. ನರನೆಂದರೆ ಅರ್ಜುನ, ಹರಿಯೆಂದರೆ ಶ್ರೀಕೃಷ್ಣ. ಕುರುಕ್ಷೇತ್ರದ ಯುದ್ಧದ ಪಾಪವನ್ನು ಕಳೆದುಕೊಳ್ಳಲು ಇಬ್ಬರೂ ಇಲ್ಲಿಗೆ ಬಂದು ಶಿವನನ್ನು ಪೂಜಿಸಿದರೆಂಬುದು ಸ್ಥಳಪುರಾಣ. ಶಂಖ, ಚಕ್ರ, ಗದಾ, ಪದ್ಮ ಎಂಬ ನಾಲ್ಕು ತೀರ್ಥಗಳಿವೆ. ಆಟಿ ಅಮಾವಾಸ್ಯೆಯಂದು ಸುತ್ತಲಿನ ಗ್ರಾಮಗಳ ಜನ ಬಂದು ತೀರ್ಥಸ್ನಾನ ಮಾಡುತ್ತಾರೆ. ಇದೇ ತಾಲೂಕಿನ ಕಾರಿಂಜ ಬೆಟ್ಟದಲ್ಲಿಯೂ ಹೀಗೆಯೇ: ಮೇಲೆ ಶಿವ, ಕೆಳಗೆ ಪಾರ್ವತಿ, ಭೀಮನ ಗದೆಯಿಂದ ಆಯಿತೆನ್ನುವ ಗದಾತೀರ್ಥ, ಆಟಿ ಅಮಾವಾಸ್ಯೆಯ ಜನಸಂದಣಿ.

ಗುಡ್ಡದ ತುದಿಯ ನೀರನ್ನು ತೀರ್ಥವೆಂದು ಕರೆದವರು ಜಲವಿಜ್ಞಾನವನ್ನು ಬಚ್ಚಿಟ್ಟು ಹೇಳಿದರು ಎಂದು ವ್ಯಾಖ್ಯಾನಿಸುವುದು ಈಚೆಗೆ ವಾಡಿಕೆಯಾಗಿದೆ. ಅಂತಹ ವ್ಯಾಖ್ಯಾನದ ಅಗತ್ಯವಿಲ್ಲ. ಭಕ್ತಿಯನ್ನು ಭಕ್ತಿಯೆಂದೇ ಗೌರವಿಸಬಹುದು. ಆದರೆ ಅದರ ಪರಿಣಾಮ ಕಣ್ಣೆದುರಿಗಿದೆ: ಪೂಜೆ ಇರುವ ತುದಿಗೆ ಯಂತ್ರ ಏರುವುದಿಲ್ಲ. ಏರಿದರೆ ಊರು ಏಳುತ್ತದೆ.

ಆಟಿಯ ಮಾತು ಬಂದುದರಿಂದ ಹಾಲೆ ಮರದ ವಿಷಯ ಹೇಳಿಯೇ ಮುಂದುವರಿಯಬೇಕು. ಆ ಅಮಾವಾಸ್ಯೆಯ ಬೆಳಗ್ಗೆ ಸೂರ್ಯ ಹುಟ್ಟುವ ಮುನ್ನ ಹಾಲೆಯ, ತುಳುವಿನಲ್ಲಿ ಪಾಲೆಯ, ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು ಮನೆಮಂದಿಯೆಲ್ಲ ಕುಡಿಯುತ್ತಾರೆ. ಕಹಿಯ ಬೆನ್ನಿಗೆ ಮೆಂತೆ ಗಂಜಿ. ಕತ್ತಲಲ್ಲಿ ಹಾಲೆಯೆಂದು ತಿಳಿದು ಕಾಸರಕದ ತೊಗಟೆ ತಂದರೆ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಕಾಸರಕ ವಿಷ. ಹಾಲೆಗೆ ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಎಲೆಗಳು ಒಂದೇ ಗೆಣ್ಣಿನಲ್ಲಿ ಐದಾರು, ಏಳು ಸುತ್ತಾಗಿ ನಿಲ್ಲುತ್ತವೆ, ಅದಕ್ಕೇ ಸಪ್ತಪರ್ಣಿ ಎಂಬ ಹೆಸರು. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರಾಗಿ ಎರಡೆರಡು, ಪ್ರತಿ ಎಲೆಯಲ್ಲಿ ಬುಡದಿಂದ ಹೊರಟ ಎದ್ದು ಕಾಣುವ ನರಗಳು, ಹಣ್ಣು ಕಿತ್ತಳೆ ಬಣ್ಣದ ಚೆಂಡು. ಹಗಲಿನಲ್ಲೇ ಮರ ಗುರುತಿಸಿ ಇಟ್ಟುಕೊಳ್ಳುವುದು ಹಿರಿಯರ ಪದ್ಧತಿಯಾಗಿತ್ತು. ಗುಡ್ಡಕ್ಕೆ ಹೋಗುವ ಅಭ್ಯಾಸವೇ ತಪ್ಪಿದ ಮನೆಗಳಲ್ಲಿ ಈ ಗುರುತೂ ತಪ್ಪುತ್ತಿದೆ. ಇಂದಿನ ನಡಿಗೆಯಲ್ಲಿ ಎರಡೂ ಮರಗಳು ಕಂಡರೆ ಮಕ್ಕಳಿಗೆ ಪಕ್ಕಪಕ್ಕದಲ್ಲಿ ತೋರಿಸಬೇಕು.

ಮಳೆಗಾಲದಲ್ಲಿ ಕರಾವಳಿಯ ಮುರಕಲ್ಲಿನ ಪದವುಗಳಿಗೆ ಹೋದವರು ಇನ್ನೊಂದು ಲೋಕವನ್ನು ಕಾಣಬಹುದು. ಬೋಳು ಎಂದು ಕರೆಸಿಕೊಳ್ಳುವ ಆ ನೆಲದ ಮೇಲೆ ಅಂಗೈ ಆಳದ ನೀರು ನಿಂತಾಗ ಬೆರಳುದ್ದದ ನೀಲಿ ಹೂಗಳು ಏಳುತ್ತವೆ. ಅವುಗಳಲ್ಲಿ ಕೆಲವು ನೀರಿನ ಸೂಕ್ಷ್ಮಜೀವಿಗಳನ್ನು ಬೇರಿನಂಥ ಎಳೆಗಳ ಚೀಲದಲ್ಲಿ ಹಿಡಿದು ಜೀರ್ಣಿಸಿಕೊಳ್ಳುವ ಜಾತಿಯವು, ಯುಟ್ರಿಕುಲೇರಿಯಾ ಎಂದು ಸಸ್ಯಶಾಸ್ತ್ರದ ಹೆಸರು. ಸಾರವಿಲ್ಲದ ಕಲ್ಲಿನ ಮೇಲೆ ಬದುಕಲು ಅವು ಕಂಡುಕೊಂಡ ಉಪಾಯ ಅದು. ಇಂತಹ ಪದವುಗಳಲ್ಲಿ ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ಗುಂಡಿ ತೋಡಿ ಸಸಿ ನೆಟ್ಟರೆ ಇರುವ ಸಸ್ಯಸಂಪತ್ತು ಹೋಗುತ್ತದೆ, ನೆಟ್ಟದ್ದು ಏಳುವುದಿಲ್ಲ. ಪರಿಸರ ದಿನಾಚರಣೆಯ ಸಂಘಟಕರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಶಿಖರದಿಂದ ಕೆಳಗೆ ನೋಡಿದರೆ ನೇತ್ರಾವತಿಯ ತಿರುವು, ತೋಟಗಳ ಹಸಿರು, ಆಕಾಶ ತಿಳಿಯಾಗಿದ್ದರೆ ಮೂಡಣದಲ್ಲಿ ಘಟ್ಟದ ನೀಲಿ ಗೋಡೆ. ಆ ಗೋಡೆಯ ಬುಡದಲ್ಲಿ, ಬೆಳ್ತಂಗಡಿಯ ಬಳಿ, ಗಡಾಯಿಕಲ್ಲು ಒಂಟಿಯಾಗಿ ನಿಂತಿದೆ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಈಗ ಅದು ಕುದುರೆಮುಖ ವನ್ಯಜೀವಿ ವಿಭಾಗದ ಆಡಳಿತದಲ್ಲಿದೆ. ಚಾರಣಿಗರು ಹಣ ಕೊಟ್ಟು ಏರುತ್ತಾರೆ. ಗಡಾಯಿಕಲ್ಲಿಗೆ ಇತಿಹಾಸದ ಕಾವಲು, ನರಹರಿಗೂ ಕಾರಿಂಜಕ್ಕೂ ದೇವರ ಕಾವಲು. ಕಾರಿಂಜದ ಸುತ್ತ ಕಲ್ಲುಗಣಿಗಾರಿಕೆ ನಡೆದಾಗ ಭಕ್ತರೂ ಗ್ರಾಮಸ್ಥರೂ ಬೀದಿಗಿಳಿದದ್ದು ಹಲವರ ನೆನಪಿನಲ್ಲಿರಬಹುದು. ಇವೆರಡರ ನಡುವೆ ಹೆಸರೇ ಇಲ್ಲದ, ಅಥವಾ ಗುಡ್ಡೆ, ಪದವು ಎಂದಷ್ಟೇ ಕರೆಸಿಕೊಳ್ಳುವ ನೂರಾರು ಎತ್ತರಗಳಿವೆ. ನೀರಿನ ಲೆಕ್ಕದಲ್ಲಿ ಅವು ನರಹರಿ ಪರ್ವತಕ್ಕಿಂತ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ಯಂತ್ರಗಳು ತಿನ್ನುತ್ತಿರುವುದು ಅವುಗಳನ್ನು.

ಕಲ್ಲಿನ ಕೆಲಸದ ಬಗ್ಗೆ ತುಳುನಾಡಿನ ಜನಪದಕ್ಕೆ ತನ್ನದೇ ನೆನಪಿದೆ. ಪಣೋಲಿಬೈಲಿನ ಕಲ್ಲುರ್ಟಿ, ಶಿಲ್ಪಿ ಕಲ್ಕುಡನ ತಂಗಿ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದನೆಂದೂ, ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಮುಯ್ಯಿ ತೀರಿಸಿಕೊಂಡಳೆಂದೂ ಪಾಡ್ದನ ಹೇಳುತ್ತದೆ. ಕಲ್ಲನ್ನು ದೇವರಾಗಿಸಿದ ಕೈಯನ್ನೂ ಆ ಕೈಯ ನೋವನ್ನೂ ನೆನಪಿಟ್ಟುಕೊಂಡ ಸೀಮೆ ಇದು. ಇಂದಿನ ಕ್ವಾರಿಯ ದೂಳು ನುಂಗುತ್ತ ದುಡಿಯುವವರ ಪಾಡ್ದನವನ್ನು ಕಟ್ಟಿದವರಿಲ್ಲ.

ಯಂತ್ರ ಬಂದಲ್ಲಿ ಏನಾಗುತ್ತದೆಂಬುದಕ್ಕೆ ಮತ್ತೆ ಶೇಡಿ ಮಣ್ಣಿಗೆ ಬರಬೇಕು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ. ಬೇಸಗೆಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದು ಮನೆ ಕಟ್ಟಿದವರಿಗೆ, ರಸ್ತೆ ಅಗಲ ಮಾಡಿದವರಿಗೆ ಅದು ಭದ್ರವೆಂದೇ ತೋರುತ್ತದೆ. ಆಷಾಢದ ಮಳೆಯಲ್ಲಿ ನೀರು ತುಂಬಿದಾಗ ಅದೇ ಮಣ್ಣು ತನ್ನ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಮೇಲಿನ ಮುರಕಲ್ಲಿನ ಟೊಪ್ಪಿಯನ್ನು ತೆಗೆದಿದ್ದರೆ, ಇಳಿಜಾರಿನ ಬೇರು ಬಿಡಿಸಿದ್ದರೆ, ಬುಡವನ್ನು ಕಡಿದಿದ್ದರೆ ಜಾರುವುದು ಸುಲಭ. 2022ರ ಜುಲೈಯಲ್ಲಿ ಇದೇ ತಾಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು, ರಬ್ಬರ್ ಟ್ಯಾಪಿಂಗಿಗೆಂದು ಕೇರಳದಿಂದ ಬಂದಿದ್ದ ಮೂವರು ಕಾರ್ಮಿಕರು ತೀರಿಕೊಂಡರು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಇಡೀ ಕಣಿವೆ. ಪ್ರತಿಯೊಂದರ ಕಾರಣ ಒಂದೇ ಅಲ್ಲ. ಇಳಿಜಾರು, ಮಣ್ಣು, ಮಳೆಯ ಪ್ರಮಾಣ ಬೇರೆ ಬೇರೆ. ಸತ್ತವರಲ್ಲಿ ಗುಡ್ಡವನ್ನು ಕಡಿಸಿದವರು ಎಷ್ಟು ಜನ ಎಂಬ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ.

ಈ ಗುಡ್ಡಗಳನ್ನು ಕಾಯುವ ಕಾನೂನು ಯಾವುದು? ಪಶ್ಚಿಮ ಘಟ್ಟದ ಕುರಿತು 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ, ಅದರ ಹಿಂದೆ ಒಂದರ ಮೇಲೊಂದು ಕರಡು ಅಧಿಸೂಚನೆ, 2024ರಲ್ಲಿ ಆರನೆಯದು: ಇವುಗಳ ಪರವಾಗಿ, ವಿರುದ್ಧವಾಗಿ ಸಾಕಷ್ಟು ಸಭೆಗಳಾಗಿವೆ. ಆದರೆ ಕಸ್ತೂರಿರಂಗನ್ ವರದಿ ದಕ್ಷಿಣ ಕನ್ನಡದಲ್ಲಿ ಗುರುತಿಸಿದ ಗ್ರಾಮಗಳೆಲ್ಲ ಆಗಿನ ಬೆಳ್ತಂಗಡಿ, ಪುತ್ತೂರು, ಸುಳ್ಯ ತಾಲೂಕುಗಳವು. ಘಟ್ಟಕ್ಕೂ ಕಡಲಿಗೂ ನಡುವಿನ ಬಂಟ್ವಾಳದ ಗುಡ್ಡಗಳು ಆ ನಕ್ಷೆಯಲ್ಲಿಯೇ ಇಲ್ಲ. ಪರವಾಗಿ ಕೂಗುವವರೂ ವಿರುದ್ಧ ಕೂಗುವವರೂ ಈ ಸಂಗತಿಯನ್ನು ಗಮನಿಸಿದಂತೆ ಕಾಣುವುದಿಲ್ಲ.

ಹತ್ತಿರದ ಸಾಧನವೊಂದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿನಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದೇ ಕಾಯ್ದೆಯ 37ನೆಯ ಕಲಮಿನಂತೆ ರಾಜ್ಯ ಸರಕಾರ ಒಂದು ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡದಲ್ಲಿ ಗಣಿಗಾರಿಕೆಯ ವಿರುದ್ಧ ಜನ ಹೋರಾಡಿದರು. 2011ರಲ್ಲಿ ಆ ಗುಡ್ಡ ಪಾರಂಪರಿಕ ತಾಣವಾಯಿತು. ಪಂಚಾಯತಿನ ಕಪಾಟಿನಲ್ಲಿ ದೂಳು ಹಿಡಿದ ದಾಖಲಾತಿಗಳನ್ನು ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ಮರ, ಹಕ್ಕಿ, ಔಷಧಿಯ ಪಟ್ಟಿ ಸಿಗುತ್ತದೆ. ಯಾವ ಒರತೆ ಯಾವ ತಿಂಗಳು ಬತ್ತುತ್ತದೆ, ಯಾವ ತೋಡಿಗೆ ಎಲ್ಲಿ ಕಟ್ಟ ಕಟ್ಟುತ್ತಿದ್ದರು, ಯಾವ ಗುಡ್ಡದ ನೀರು ಯಾರ ಬಾವಿಗೆ ಬರುತ್ತದೆ ಎಂಬ ವಿವರವನ್ನೂ ಅದರಲ್ಲಿ ಸೇರಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಆದುದರಿಂದ ಇಂದು ಇಳಿಯುವಾಗ ಬಂದ ದಾರಿಯಲ್ಲಿ ಇಳಿಯುವುದು ಬೇಡ. ಗುಡ್ಡದ ಮತ್ತೊಂದು ಮಗ್ಗುಲಿನ ಯಾವುದಾದರೂ ನೀರಿನ ಚಡಿಯನ್ನು ಹಿಡಿದು, ಅದು ಸೇರುವ ತೋಡಿನವರೆಗೆ ನಡೆಯಬೇಕು. ಹಿರಿಯರಲ್ಲಿ ಒಬ್ಬಿಬ್ಬರು ಮುಂದೆ ಇರಲಿ, ಜಾಗ ಗೊತ್ತಿರುವುದು ಅವರಿಗೆ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಹೋಗಿ ಬುಡದ ಮನೆಗಳ ಬಾವಿಗಳನ್ನು ನೋಡಲಿ. ಒಳಗೆ ಹೋಗುವ ಮುನ್ನ ಮನೆಯವರ ಒಪ್ಪಿಗೆ ಕೇಳಲಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಅಳೆದು, ದಿನಾಂಕದೊಂದಿಗೆ ಬರೆಯಲಿ. ಆಮೇಲೆ ಮನೆಯ ಅಜ್ಜಿಯಂದಿರನ್ನು ಒಂದೇ ಪ್ರಶ್ನೆ ಕೇಳಲಿ: ನೀವು ಮದುವೆಯಾಗಿ ಈ ಮನೆಗೆ ಬಂದಾಗ ಬೇಸಗೆಯಲ್ಲಿ ಕೊಡಪಾನದ ಹಗ್ಗಕ್ಕೆ ಎಷ್ಟು ಮೊಳ ಬೇಕಿತ್ತು? ಈ ಎರಡು ಅಂಕಿಗಳನ್ನು ಬಾವಿ ಬಾವಿಗೂ ಬರೆದ ಪುಸ್ತಕ ಸಂಜೆಗೆ ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯುವ ಹೊತ್ತಿಗೆ ಒಂದೆಡೆ ಸೇರಬೇಕು. ಮೇ ತಿಂಗಳ ಮೊದಲ ವಾರದಲ್ಲಿ ಅದೇ ಬಾವಿಗಳಿಗೆ ಇನ್ನೊಮ್ಮೆ ಹೋಗುವುದಿದೆ.